ಸಮುದ್ರ ಮಟ್ಟದಿಂದ ಮೂರು ಸಾವಿರ ಅಡಿ

ಅವರು ತೀರಿಕೊಂಡ ಮೇಲೆ ನನ್ನ ಬೆಳಗಿನಲ್ಲಿ ಒಂದು ಗಂಟೆ ಹೆಚ್ಚಾಗಿ ಉಳಿಯುತ್ತಿದೆ. ಏಳುವುದು, ಬಿಸಿನೀರು ಕುಡಿಯುವುದು, ಹಾಸಿಗೆ ಮಡಿಚಿಡುವುದು, ನಡೆಯಲು ಹೊರಡುವುದು, ಎಲ್ಲವೂ ಮೊದಲಿನಂತೆಯೇ ಸಾಗಿವೆ. ಆಮೇಲಿನ ಒಂದು ಗಂಟೆಗೆ ಕೆಲಸವಿಲ್ಲ. ಕೆಲವು ವರ್ಷ ಸೈನ್ಯದಲ್ಲಿ, ಉಳಿದ ವರ್ಷಗಳನ್ನು ಪಿ.ಟಿ. ಮಾಸ್ತರನಾಗಿ ಕಳೆದ ನನ್ನಂಥವನಿಗೆ ಖಾಲಿ ಗಂಟೆಯನ್ನು ಸಹಿಸುವುದು ಕಷ್ಟ. ಅದಕ್ಕೇ ಬರೆಯಲು ಕೂತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಹೆಸರು ಅಚ್ಚಾಗುವುದು ಅವರಿಗೆ ಸೇರುತ್ತಿರಲಿಲ್ಲ. ನಿವೃತ್ತಿಯ ಸಮಾರಂಭದ ಕರೆಯೋಲೆಯಲ್ಲೂ ‘ಭೂಗೋಳದ ಮಾಸ್ತರರು’ ಎಂದಷ್ಟೇ ಹಾಕಿಸಿದ್ದರು.

ಖಾನಾಪುರದ ಹೈಸ್ಕೂಲೊಂದರಲ್ಲಿ ನಾವಿಬ್ಬರೂ ನೌಕರಿ ಮಾಡಿದೆವು. ಮನೆ ಇಬ್ಬರದೂ ಬೆಳಗಾವಿಯ ಟಿಳಕವಾಡಿಯಲ್ಲಿ. ಬೆಳಿಗ್ಗೆ ಪ್ಯಾಸೆಂಜರ್ ರೈಲಿಗೆ ಹೋಗುವುದು, ಸಂಜೆ ಮರಳುವುದು. ದೇಸೂರು, ಇದಲಹೊಂಡ, ಖಾನಾಪುರ. ನಾನು ಪೇಪರ್ ಓದುತ್ತಿದ್ದೆ. ಅವರು ಕಿಟಕಿಯಲ್ಲಿ ಕೂತು ಹೊರಗೆ ನೋಡುತ್ತಿದ್ದರು. ಎಷ್ಟೋ ವರ್ಷ ಅದೇ ಹೊಲ, ಅದೇ ದಿಬ್ಬ.

“ಮಾಸ್ತರ, ದಿನಾ ಏನ್ ನೋಡ್ತೀರಿ? ಗುಡ್ಡ ಓಡಿ ಹೋಗ್ತಾವೇನು?” ಎಂದು ಒಮ್ಮೆ ಕೇಳಿದೆ.

“ಗುಡ್ಡ ಎಲ್ಲಿ ಓಡ್ತಾವ್ರಿ. ನಾವು ಎಷ್ಟ ಏರಿದ್ವಿ, ಎಷ್ಟ ಇಳದ್ವಿ, ಅದನ್ನ ನೋಡಾಕತ್ತೇನಿ.”

ರೈಲು ನಿಲ್ದಾಣದ ಹಳದಿ ಫಲಕದ ಮೇಲೆ ಊರಿನ ಹೆಸರಿನ ಕೆಳಗೆ ಆ ಜಾಗ ಸಮುದ್ರ ಮಟ್ಟದಿಂದ ಎಷ್ಟು ಎತ್ತರದಲ್ಲಿದೆ ಎಂದು ಸಣ್ಣ ಅಕ್ಷರದಲ್ಲಿ ಬರೆದಿರುತ್ತದೆ. ನಾವು ಯಾರೂ ಅದನ್ನು ಓದುವುದಿಲ್ಲ. ಅವರು ದಿನವೂ ಓದುತ್ತಿದ್ದರು. ಮೀಟರನ್ನು ಅಡಿಗೆ ತಿರುಗಿಸಿ ಬಾಯಲ್ಲಿ ಗುಣುಗುಟ್ಟುತ್ತಿದ್ದರು.

ತರಗತಿಯಲ್ಲೂ ಅದೇ. ನಮ್ಮೂರ ಗುಡ್ಡ ಭಾಳ ಎತ್ತರ ಐತ್ರಿ ಎಂದು ಹುಡುಗನೊಬ್ಬ ಹೇಳಿದರೆ, “ಎಲ್ಲಿಂದ?” ಎನ್ನುವರು.

“ನಮ್ಮ ಮನಿಯಿಂದರಿ.”

“ನಿಮ್ಮ ಮನಿ ಎಲ್ಲಿಂದ ಎಷ್ಟ ಎತ್ತರ ಐತಿ? ಮೊದಲ ಅದನ್ನ ಹೇಳ.”

ಹುಡುಗ ಬೆಪ್ಪಾಗಿ ನಿಲ್ಲುವನು. ಎಲ್ಲಿಂದ ಅಳೆಯುತ್ತೇವೆ ಎಂದು ಹೇಳದೆ ಎತ್ತರದ ಮಾತಾಡುವವನು ಅವರ ಲೆಕ್ಕದಲ್ಲಿ ಸುಳ್ಳು ಹೇಳಿದಂತೆಯೇ. ಖಾನಾಪುರದ ಹುಡುಗರಲ್ಲಿ ಅರ್ಧ ಜನ ಮನೆಯಲ್ಲಿ ಮರಾಠಿ ಮಾತಾಡುವವರು. ಅವರು ಮಾಸ್ತರರಿಗೆ ‘ಕುಠೂನ್ ಸರ್’ ಎಂದು ಹೆಸರಿಟ್ಟರು. ಮರಾಠಿಯಲ್ಲಿ ಕುಠೂನ್ ಅಂದರೆ ಎಲ್ಲಿಂದ. ಬೆನ್ನ ಹಿಂದೆ ಯಾರಾದರೂ ಹಾಗೆ ಕೂಗಿದರೆ ಇವರು ತಿರುಗದೆಯೇ, “ಟಿಳಕವಾಡೀಹೂನ್!” ಎಂದು ಉತ್ತರ ಕೊಟ್ಟು ನಡೆಯುವರು. ಕೂಗಿದವನೇ ನಾಚಿಕೊಳ್ಳಬೇಕು.

ಹೀಗೆಂದ ಮಾತ್ರಕ್ಕೆ ಮೆತ್ತನೆಯ ಮನುಷ್ಯರೆಂದು ತಿಳಿಯಬಾರದು. ಆಡಿದ ಮಾತಿಗೆ ಕಲ್ಲಿನಂತೆ ನಿಲ್ಲುವರು. ಆ ಕಲ್ಲು ಇನ್ನೊಬ್ಬರ ಕಾಲಿಗೆ ತಾಗಿದರೂ ಸರಿಯುವವರಲ್ಲ.

ಹೆಂಡತಿ ತೀರಿಕೊಂಡ ವರ್ಷ, ಬಸದಿಯಲ್ಲಿ ಚಾತುರ್ಮಾಸಕ್ಕೆ ನಿಂತಿದ್ದ ಮುನಿ ಮಹಾರಾಜರ ಮುಂದೆ ಅವರು ದಿಗ್ವ್ರತ ತೆಗೆದುಕೊಂಡರು. ಜೈನ ಗೃಹಸ್ಥರ ವ್ರತ ಅದು. ಈ ದಿಕ್ಕಿಗೆ ಇಲ್ಲಿಯತನಕ, ಆ ದಿಕ್ಕಿಗೆ ಅಲ್ಲಿಯತನಕ, ಅದರಾಚೆಗೆ ಬದುಕಿರುವವರೆಗೆ ಹೋಗುವುದಿಲ್ಲ ಎಂದು ತಮಗೆ ತಾವೇ ಮೇರೆ ಹಾಕಿಕೊಳ್ಳುವುದು. ನಾಲ್ಕು ದಿಕ್ಕಿಗಷ್ಟೇ ಅಲ್ಲ, ಮೇಲಕ್ಕೂ ಕೆಳಕ್ಕೂ ಮೇರೆ ಉಂಟು. ನಾನು ಲಿಂಗಾಯತ, ನನಗೆ ಇದೆಲ್ಲ ಹೊಸದು. ಅವರು ಕರೆದರೆಂದು ಹೋಗಿ ಹಿಂದಿನ ಸಾಲಿನಲ್ಲಿ ಕೂತಿದ್ದೆ.

ಉತ್ತರಕ್ಕೆ ಸಂಕೇಶ್ವರದ ಹಿರಣ್ಯಕೇಶಿ ಸೇತುವೆ, ದಕ್ಷಿಣಕ್ಕೆ ಖಾನಾಪುರದ ಮಲಪ್ರಭಾ ದಂಡೆ, ಪೂರ್ವಕ್ಕೆ ಬೈಲಹೊಂಗಲ, ಪಶ್ಚಿಮಕ್ಕೆ ಜಾಂಬೋಟಿ, ಕೆಳಗೆ ಮನೆಯ ಬಾವಿಯ ತಳ ಎಂದು ಒಪ್ಪಿಸಿದರು. ಮಹಾರಾಜರು, “ಮ್ಯಾಲ?” ಎಂದು ಕೇಳಿದರು. ಇವರಿಗಿಂತ ಮೊದಲು ವ್ರತ ತೆಗೆದುಕೊಂಡವರು ಮನೆಯ ಮಾಳಿಗೆ, ಬಸದಿಯ ಶಿಖರ ಎಂದೆಲ್ಲ ಹೇಳಿದ್ದರು. ಇವರು ಕೈ ಮುಗಿದುಕೊಂಡೇ, “ಸಮುದ್ರ ಮಟ್ಟದಿಂದ ಮೂರು ಸಾವಿರ ಅಡಿ” ಎಂದರು. ಮಹಾರಾಜರು ಒಂದು ಕ್ಷಣ ನೋಡಿ ನಕ್ಕು, ಆಗಲಿ ಎಂದರು.

ಹಿಂತಿರುಗುವಾಗ ನಾನು ಬಿಡಲಿಲ್ಲ. “ಅಲ್ರೀ ಮಾಸ್ತರ, ಎಲ್ಲಾರೂ ನೆಲದ ಮ್ಯಾಲ ನಿಂತ ಅಳೀತಾರ. ನೀವೊಬ್ಬರ ಸಮುದ್ರದಾಗ ನಿಂತ ಅಳದ್ರಿ. ಬೆಳಗಾವಿ ಮೊದಲ ಎರಡೂವರಿ ಸಾವಿರ ಅಡಿ ಮ್ಯಾಲ ಕುಂತೈತಿ. ನಿಮ್ಮ ತಲಿ ಮ್ಯಾಲ ಉಳದದ್ದು ಐದನೂರ ಅಡಿ ಅಷ್ಟ.”

“ಸಾಕಲ್ರೀ. ನಾ ಏನ್ ಹದ್ದೇನು?”

ಸ್ವಲ್ಪ ದೂರ ನಡೆದ ಮೇಲೆ ಅವರೇ ಮತ್ತೆ ಹೇಳಿದರು. “ಪೀಟಿ ಸರ್ರ, ಮೇರಿ ದಾಟೂದಷ್ಟ ದೋಷ ಅಲ್ಲ. ಎಲ್ಲಿ ಹಾಕ್ಕೊಂಡೇನಿ ಅನ್ನೂದನ್ನ ಮರಿಯೂದೂ ದೋಷಾನ. ದಿನಾ ಮುಂಜಾನಿ ನನ್ನ ಕೇಳ್ರಿ. ನೀವು ಪರೇಡಿನ ಮಂದಿ, ತಪ್ಪಸೂದಿಲ್ಲ.”

ಅಂದಿನಿಂದ ನಾನು ಅವರ ಪರೀಕ್ಷಕನಾದೆ. ಬೆಳಗಾವಿಯ ಕೋಟೆಯ ಕಂದಕದ ಬದಿಯಲ್ಲಿ ನಡೆಯುತ್ತ ನಾನು ದಿಕ್ಕು ಹೇಳುವುದು, ಅವರು ಮೇರೆ ಹೇಳುವುದು. ಮುಗಿದ ಮೇಲೆ ನಾನು ಪಾಸ್ ಎನ್ನುವುದು. ನಮ್ಮ ಹಿಂದೆ ನಡೆಯುತ್ತಿದ್ದವರಿಗೆ ಇಬ್ಬರು ಮುದುಕರಿಗೂ ತಲೆ ಕೆಟ್ಟಿದೆ ಅನಿಸಿರಬೇಕು.

ಆ ಮೇರೆ ಎಂಥದೆಂದು ನನಗೆ ಗೊತ್ತಾದದ್ದು ಅವರ ತಮ್ಮ ತೀರಿಕೊಂಡಾಗ. ತಮ್ಮ ಇದ್ದದ್ದು ಸಾಂಗಲಿಯಲ್ಲಿ. ಸುದ್ದಿ ಬಂದ ತಕ್ಷಣ ಇಬ್ಬರೂ ಬಸ್ಸು ಹತ್ತಿದೆವು. ಸಂಕೇಶ್ವರದಲ್ಲಿ ಅವರು ಎದ್ದು ನಿಂತು ಇಳಿದೇಬಿಟ್ಟರು. ಸೇತುವೆಯ ಈಚೆ ತುದಿಗೆ ನಡೆದು ಹೋಗಿ, ಕಟ್ಟೆಗೆ ಕೈಯೂರಿ ನಿಂತರು. ಮಗ್ಗುಲಲ್ಲೇ ಲಾರಿಗಳು ಹಾಯುತ್ತಿದ್ದವು. ನಾನು ಬೈದೆ, ಕೈ ಹಿಡಿದು ಎಳೆದೆ.

“ಒಡಹುಟ್ಟಿದ ತಮ್ಮ ಅದಾನ್ರೀ ಅವ! ಮಹಾರಾಜರು ಬ್ಯಾಡ ಅಂತಿದ್ರೇನು?”

“ಅವರು ಹಾಕಿದ ಮೇರಿ ಅಲ್ಲ ಇದು. ನಾ ಹಾಕ್ಕೊಂಡದ್ದು.”

ದಹನ ಮುಗಿಯಿತೆಂದು ಫೋನ್ ಬರುವತನಕ ಹಾಗೇ ನಿಂತಿದ್ದರು. ಒಮ್ಮೆಯೂ ಅಳಲಿಲ್ಲ. ಆಮೇಲೆ ನದಿಗೆ ಇಳಿದು ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲೇ ಬೆಳಗಾವಿಯ ಬಸ್ಸು ಹತ್ತಿದರು. ತಮ್ಮನ ಹೆಂಡತಿ ಮುಂದೆ ಅವರೊಡನೆ ಮಾತಾಡಲಿಲ್ಲ. ಆಕೆಯದು ತಪ್ಪೆಂದು ನಾನು ಹೇಳಲಾರೆ.

ಮರೆವು ಪೂರ್ವದಿಂದ ಶುರುವಾಯಿತು. ಒಂದು ಬೆಳಿಗ್ಗೆ ನಾನು ಪೂರ್ವ ಎಂದೆ. ಕೋಟೆಯ ಗೋಡೆಯ ಮೇಲೆ ಆಗಷ್ಟೇ ಏರುತ್ತಿದ್ದ ಸೂರ್ಯನನ್ನು ನೋಡಿದರು, ನನ್ನನ್ನು ನೋಡಿದರು. ಬೈಲಹೊಂಗಲ ಎಂದು ನಾನೇ ಹೇಳಿಕೊಟ್ಟೆ. ಹೌದೌದು ಎಂದು ನಕ್ಕರು. ಆ ನಗು ನನಗೆ ಸರಿ ಬರಲಿಲ್ಲ. ಮುಂದೆ ಪಶ್ಚಿಮ ಹೋಯಿತು, ಆಮೇಲೆ ಮನೆಯ ದಾರಿ ಹೋಯಿತು. ಮಗಳು ಡಾಕ್ಟರಿಗೆ ತೋರಿಸಿ, ರಾಮತೀರ್ಥ ನಗರದ ತನ್ನ ಮನೆಗೆ ಕರೆದುಕೊಂಡು ಹೋದಳು. ಒಬ್ಬಳೇ ಮಗಳು, ಬ್ಯಾಂಕಿನಲ್ಲಿ ನೌಕರಿ, ಬಾಯಿ ಸ್ವಲ್ಪ ಜೋರು, ಕರುಳು ಅದಕ್ಕಿಂತ ದೊಡ್ಡದು. ನಾನು ದಿನವೂ ಸಿಟಿ ಬಸ್ಸಿನಲ್ಲಿ ಅಲ್ಲಿಗೆ ಹೋಗತೊಡಗಿದೆ. ಈಗ ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ. ಬೇರೆ ಯಾರದೋ ವಿಳಾಸ ಕೇಳುವವರಂತೆ ಅವರು ಕೇಳಿಸಿಕೊಳ್ಳುತ್ತಿದ್ದರು. ಮುಖದಲ್ಲಿ ಏನೂ ಇರುತ್ತಿರಲಿಲ್ಲ.

ಇಂಥ ದಿನಗಳಲ್ಲಿ ಆ ವಿಮಾನ ಬಂತು. ಅವರ ಹಳೆಯ ವಿದ್ಯಾರ್ಥಿಯೊಬ್ಬ ಈಗ ಎರಕದ ಕಾರ್ಖಾನೆಯ ಮಾಲಕ. ಖಾನಾಪುರದ ದಾರಿಯಲ್ಲಿ ಅವನ ದೊಡ್ಡ ಬಯಲಿದೆ. ಅಲ್ಲಿ ಹುಲ್ಲು ಕೊಯ್ಯಿಸಿ ವಿಮಾನ ಇಳಿಯುವಷ್ಟು ಪಟ್ಟಿ ಮಾಡಿಸಿದ್ದ. ಹಳೆಯ ವಿಮಾನಗಳ ಹುಚ್ಚಿನ ಅವನ ಸ್ನೇಹಿತರೊಬ್ಬರು ತಮ್ಮ ವಿಮಾನವನ್ನು ಕೆಲವು ದಿನದ ಮಟ್ಟಿಗೆ ತಾವೇ ಹಾರಿಸಿಕೊಂಡು ಅಲ್ಲಿಗೆ ತಂದಿದ್ದರು. ಅವನು ಮಗಳಿಗೆ ಫೋನ್ ಮಾಡಿ, “ಅಕ್ಕಾರ, ಸರ್‌ನ ಕರಕೊಂಡ ಬರ್ರಿ. ನಮಗ ನಕ್ಷಾ ಕಲಿಸಿದವರು ಒಮ್ಮೆರ ಮ್ಯಾಲಿಂದ ನೋಡಬೇಕು” ಎಂದನಂತೆ. ಮಗಳು ಹಿಗ್ಗಿ ಒಪ್ಪಿಕೊಂಡಳು. ಅಪ್ಪನ ವ್ರತದಲ್ಲಿ ಅವಳಿಗೆ ಗೊತ್ತಿದ್ದದ್ದು ನಾಲ್ಕು ದಿಕ್ಕು ಮಾತ್ರ. ಯಾವ ಮದುವೆಗೆ ಬರುತ್ತಾರೆ, ಯಾವುದಕ್ಕೆ ಬರುವುದಿಲ್ಲ ಎಂದು ತಿಳಿಯಲು ಅಷ್ಟೇ ಸಾಕಾಗಿತ್ತು. ಬಯಲು ಆ ಮೇರೆಯ ಒಳಗೇ ಇತ್ತು.

ಏನು, ಎತ್ತ ಎಂದು ಹೇಳದೆ ನನ್ನನ್ನೂ ಕಾರಿನಲ್ಲಿ ಕೂರಿಸಿಕೊಂಡಳು. ಬಯಲಿಗೆ ಹೋದ ಮೇಲೆಯೇ ನೋಡಿದ್ದು. ನಮ್ಮಿಬ್ಬರಿಗಿಂತ ವಯಸ್ಸಾದ ವಿಮಾನ. ಒಂದರ ಮೇಲೊಂದು ಎರಡು ಜೊತೆ ರೆಕ್ಕೆ, ನಡುವೆ ತಂತಿಗಳು. ರೆಕ್ಕೆಗೆ ತಗಡಿಲ್ಲ, ಕಟ್ಟಿಗೆಯ ಮೇಲೆ ಬಿಗಿದ ಬಟ್ಟೆ. ಮೇಲೆ ಮುಚ್ಚಿಗೆಯಿಲ್ಲ. ಮುಂದಿನ ಗುಂಡಿಯಲ್ಲಿ ಇಬ್ಬರು ಒತ್ತಿಕೊಂಡು ಕೂರಬಹುದು, ನಡೆಸುವವರು ಹಿಂದಿನ ಗುಂಡಿಯಲ್ಲಿ.

ಮಾಸ್ತರರು ಕಾರಿನಿಂದ ಇಳಿದು ನೇರ ಅದರತ್ತ ನಡೆದರು. ರೆಕ್ಕೆಯ ಬಟ್ಟೆಯನ್ನು ಬೆರಳಿನಿಂದ ಬಡಿದರು. ಬಾರಿಸುವ ಹಲಗೆಯಂತೆ ಸಪ್ಪಳವಾಯಿತು. ಮತ್ತೆ ಬಡಿದರು. ನಕ್ಕರು.

ಮಗಳು ನನ್ನ ಕೈ ಹಿಡಿದಳು. “ಕಾಕಾ, ನಕ್ಕರು ನೋಡ್ರಿ!”

ನಾನು ಅವಳನ್ನು ಬದಿಗೆ ಕರೆದು ಮೇಲಿನ ಮೇರೆಯ ವಿಷಯ ಹೇಳಿದೆ. ಅವಳ ಮುಖ ಇಳಿಯಿತು. ಆಮೇಲೆ ಸಿಟ್ಟು ಬಂತು.

“ಅವರಿಗೆ ತಮ್ಮ ಹೆಸರ ನೆಟ್ಟಗ ನೆನಪಿಲ್ಲ. ನೆನಪಿಲ್ಲದ್ದು ಮುರದ್ರ ಮುರದಂಗ ಆಗ್ತೈತೇನ್ರಿ?”

“ಮರಿಯೂದೂ ದೋಷಾನ ಅಂತ ಹೇಳಿದವರು ಅವರ, ತಂಗೀ.”

“ಹಂಗಾರ ನೀವ ಹೋಗಿ ಹೇಳ್ರಿ. ಇಳೀರಿ ಮಾಸ್ತರ, ನಿಮಗ ಇದು ಇಲ್ಲ ಅಂತ ಹೇಳ್ರಿ. ನನ್ನ ಕಡಿಂದ ಆಗೂದಿಲ್ಲ.”

ಅಷ್ಟರಲ್ಲಿ ಅವರಿಗೆ ತೊಗಲಿನ ಟೊಪ್ಪಿಗೆ, ಕಣ್ಣಿಗೆ ದೊಡ್ಡ ಕನ್ನಡಕ ಹಾಕಿಸಿ ಒಳಗೆ ಕೂರಿಸಿಯಾಗಿತ್ತು. ಅವರು ನಮ್ಮತ್ತ ತಿರುಗಿ ಕೈ ಬೀಸಿದರು. ನಾನು ಹೇಳಲಿಲ್ಲ. ಬದಲಿಗೆ ಒಂದು ದಾರಿ ತೋರಿತು. ಮೂರು ಸಾವಿರದ ಕೆಳಗೇ ಹಾರಿಸಿದರೆ ಮೇರೆ ಉಳಿಯುತ್ತದೆ. ಅವರ ಜೊತೆ ನಾನು ಕೂರುತ್ತೇನೆ, ಪೈಲಟ್ಟಿಗೆ ನೀನು ಹೇಳು ಎಂದು ಅವಳನ್ನು ಕಳಿಸಿ, ಹತ್ತಿ ಅವರ ಮಗ್ಗುಲಲ್ಲಿ ಕೂತೆ. ಬೆಲ್ಟು ಬಿಗಿಯುತ್ತಿರುವಾಗಲೇ ಎಂಜಿನ್ ಶುರುವಾಯಿತು. ಅವಳು ಸೆರಗು ಹಿಡಿದುಕೊಂಡು ಓಡಿ ಬಂದು ಕೂಗಿದಳು.

“ಹೇಳೇನಿ ಕಾಕಾ! ಮೂರು ಸಾವಿರ ಅಂದ್ರ ನಕ್ಕರು. ಸಾವಿರಾನೂ ಏರೂದಿಲ್ಲಂತ!”

ನನ್ನ ಎದುರಿಗೆ ಗಡಿಯಾರದಂಥ ಮೀಟರಿತ್ತು. ಎತ್ತರ ತೋರಿಸುವ ಮೀಟರು. ಅದರ ಮುಳ್ಳು ಸೊನ್ನೆಯ ಮೇಲಿತ್ತು. ಆಗ ತಿಳಿಯಿತು. ಪೈಲಟ್ ಅಳೆಯುವುದು ಈ ಹುಲ್ಲಿನಿಂದ, ಸಮುದ್ರದಿಂದ ಅಲ್ಲ. ಅವರ ಐದುನೂರೇ ನಮ್ಮ ಮೂರು ಸಾವಿರ. ಹಿಂದೆ ತಿರುಗಿ ಕೂಗಿದೆ. ಎಂಜಿನ್ನಿನ ಅಬ್ಬರದಲ್ಲಿ ನನ್ನ ಮಾತು ನನಗೇ ಕೇಳಲಿಲ್ಲ. ಚಕ್ರಗಳು ಉರುಳಿದವು, ಕುಲುಕಾಟ ಒಮ್ಮೆಲೇ ನಿಂತಿತು. ನೆಲ ಬಿಟ್ಟಿದ್ದೆವು.

ಮಾಸ್ತರರು ಅಂಚಿನ ಮೇಲೆ ಗದ್ದವೂರಿ ಕೆಳಗೆ ನೋಡುತ್ತಿದ್ದರು. ನಾನು ಮುಳ್ಳನ್ನು ನೋಡುತ್ತಿದ್ದೆ. ಇನ್ನೂರು. ಮುನ್ನೂರು. ಅಂಗೈಯನ್ನು ಕೆಳಗೆ ಒತ್ತಿ ಒತ್ತಿ ಹಿಂದಿನವರಿಗೆ ಸನ್ನೆ ಮಾಡಿದೆ. ಮುದುಕ ಹೆದರಿದ್ದಾನೆ ಎಂದುಕೊಂಡರೇನೋ, ನಕ್ಕು ಹೆಬ್ಬೆರಳೆತ್ತಿ ತೋರಿಸಿದರು. ನಾನೂರು.

“ರೇಲ್ವೆ!” ಎಂದು ಮಾಸ್ತರರು ಕೂಗಿದರು. ಎಷ್ಟೋ ಕಾಲದಿಂದ ಕೇಳದಿದ್ದ ತರಗತಿಯ ದನಿ. “ಪೀಟಿ ಸರ್ರ, ಅದು ಇದಲಹೊಂಡ! ಆ ಕಡೆ ದೇಸೂರ! ನೋಡ್ರಿ, ಹಳಿ ಹೆಂಗ ಬಳಸಿ ಹೋಗೇತಿ ದಿಬ್ಬಾನ!”

ಹಳಿ, ಕೆರೆ, ಕೆಂಪು ದಾರಿ, ಹಂಚಿನ ಭಟ್ಟಿಯ ಹೊಗೆ. ಒಂದೊಂದಕ್ಕೂ ಹೆಸರು ಹೇಳುತ್ತ ಹೋದರು. ಮಗಳ ಹೆಸರಿಗೆ ತಡಕಾಡುತ್ತಿದ್ದ ಬಾಯಿ ಅದು. ಅವರು ಬೋರ್ಡಿನ ಮೇಲೆ ಬರೆಯುತ್ತಿದ್ದ ನಕ್ಷೆ ಅಲ್ಲಿ ಬಣ್ಣದ ಸಮೇತ ಹಾಸಿತ್ತು, ಹೋದ ನೆನಪೆಲ್ಲ ಅದರೊಳಗಿಂದ ಎದ್ದು ಬರುತ್ತಿತ್ತು. ನನ್ನ ತೊಡೆಯ ಮೇಲೆ ಹೊಡೆದು ಹೊಡೆದು ತೋರಿಸಿದರು. ನಾನೂ ಕೆಲವು ಕ್ಷಣ ಮುಳ್ಳನ್ನು ಬಿಟ್ಟು ಅವರು ತೋರಿಸಿದ ಕಡೆ ನೋಡಿದೆ. ಆ ಸಂತೋಷವನ್ನು ಸುಳ್ಳೆಂದು ಹೇಳಲು ನನ್ನಿಂದಾಗದು.

ದೂರದಲ್ಲಿ ನದಿ ಹೊಳೆಯಿತು.

“ಮಲಪ್ರಭಾ! ಖಾನಾಪುರದ ದಂಡಿ!” ಎಂದು ಕೂಗಿ, ಅಲ್ಲಿಗೇ ನಿಂತರು. “ದಂಡಿ” ಎಂದು ಮತ್ತೊಮ್ಮೆ ಅಂದುಕೊಂಡರು. ಆಮೇಲೆ ದನಿ ಕೇಳಲಿಲ್ಲ, ತುಟಿ ಅಲ್ಲಾಡುವುದು ಮಾತ್ರ ಕಂಡಿತು. ಅಷ್ಟು ವರ್ಷ ಕೇಳಿಸಿಕೊಂಡವನಿಗೆ ತುಟಿ ಓದುವುದು ಕಷ್ಟವಾಗಲಿಲ್ಲ. ದಕ್ಷಿಣಕ್ಕೆ ಮಲಪ್ರಭಾ ದಂಡೆ. ಉತ್ತರಕ್ಕೆ ಹಿರಣ್ಯಕೇಶಿ. ಮೊದಲು ಕಳೆದುಹೋಗಿದ್ದ ಬೈಲಹೊಂಗಲವೂ ಬಂತು. ಜಾಂಬೋಟಿ. ಬಾವಿಯ ತಳ. ಆಮೇಲೆ ಮುಖ ಮೇಲೆತ್ತಿದರು. ಮೇಲೆ ಬರೀ ಆಕಾಶವಿತ್ತು.

ಮೀಟರು ನೋಡಿದರು. ಮುಳ್ಳು ಏಳುನೂರರ ಹತ್ತಿರವಿತ್ತು. ನನ್ನ ಕಿವಿಗೆ ಬಾಯಿ ತಂದು, “ಇದು ಎಲ್ಲಿಂದ?” ಎಂದು ಕೇಳಿದರು.

“ನೆಲದಿಂದರಿ” ಎಂದೆ. ಆ ಮನುಷ್ಯನ ಮುಂದೆ ಎತ್ತರದ ವಿಷಯದಲ್ಲಿ ಸುಳ್ಳು ಹೇಳಿ ಉಪಯೋಗವಿರಲಿಲ್ಲ.

ಬೆರಳು ಮಡಿಚಿ ಕೂಡಿಸಿದರು. ದೊಡ್ಡ ಕನ್ನಡಕ ತೆಗೆದು ನನ್ನ ಕೈಗೆ ಕೊಟ್ಟರು. ಕಣ್ಣು ಮುಚ್ಚಿದರು. ವಿಮಾನ ನದಿಯ ಈಚೆಗೇ ತಿರುಗಿ, ಹಿಂದೆ ಬಂದು, ಇಳಿದು, ಎಂಜಿನ್ ನಿಲ್ಲುವತನಕ ಕಣ್ಣು ತೆರೆಯಲಿಲ್ಲ. ವಿದ್ಯಾರ್ಥಿ ಚಪ್ಪಾಳೆ ತಟ್ಟುತ್ತ ಓಡಿ ಬಂದ. ಮಾಸ್ತರರು ಅವನ ತಲೆ ಸವರಿದರು.

ಕಾರಿನಲ್ಲಿ ನನ್ನನ್ನು ಕೇಳಿದರು. “ನಿಮಗ ನೆನಪಿತ್ತೇನು?”

“ಇತ್ರಿ.”

ಗೋಣು ಹಾಕಿದರು, ಅಷ್ಟೇ. ಮುಂದಿನ ಸೀಟಿನಲ್ಲಿ ಮಗಳು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತಿದ್ದಳು.

ಆಗ ಬಸದಿಯಲ್ಲಿ ಬೇರೊಬ್ಬ ಮಹಾರಾಜರಿದ್ದರು. ಮರುದಿನ ಕರೆದುಕೊಂಡು ಹೋದೆವು. ಅವರು ಎಲ್ಲವನ್ನೂ ಕೇಳಿಸಿಕೊಂಡು, “ಒಂದು ಉಪವಾಸ ಮಾಡ್ರಿ, ಜಪ ಮಾಡ್ರಿ. ಮನಸ್ಸಿಗೆ ಹಚ್ಕೋಬ್ಯಾಡ್ರಿ” ಎಂದರು. ಮಾಸ್ತರರು ಅಂದೇ ಉಪವಾಸ ಮಾಡಿದರು. ಸಂಜೆ ಮುಖ ತಿಳಿಯಾಗಿತ್ತು. ನಾವೂ ಹಗುರಾದೆವು.

ಅದರ ಮರುದಿನ ಬೆಳಿಗ್ಗೆ ಅವರು ತಟ್ಟೆ ಸರಿಸಿ ಮಗಳಿಗೆ ಹೇಳಿದರು. “ನಿನ್ನಿ ನಾ ಮ್ಯಾಲ ಹೋಗಿದ್ನಿ. ಇವತ್ತ ಉಪವಾಸ.”

ದಿಕ್ಕುಗಳು ಮತ್ತೆ ಅಳಿಸಿಹೋಗಿದ್ದವು. ಬೈಲಹೊಂಗಲವಿಲ್ಲ, ಜಾಂಬೋಟಿಯಿಲ್ಲ. ಉಪವಾಸ ಮಾಡಿದ್ದೂ ನೆನಪಿರಲಿಲ್ಲ. ಮೇಲೆ ಹೋದದ್ದೊಂದೇ ಉಳಿದಿತ್ತು. ಅವರಿಗೆ ಪ್ರತಿ ಬೆಳಿಗ್ಗೆಯೂ ಅದು ನಿನ್ನೆಯ ಮಾತು, ಪ್ರಾಯಶ್ಚಿತ್ತ ಪ್ರತಿ ಬೆಳಿಗ್ಗೆಯೂ ಬಾಕಿ.

ಮಗಳು ಬೇಡಿಕೊಂಡಳು, ಗದರಿದಳು, ಅತ್ತಳು. ನಾನು ಹೋಗಿ ಎದುರಿಗೆ ನೆಟ್ಟಗೆ ನಿಂತು, “ಮಾಸ್ತರ, ಆ ಉಪವಾಸ ಮುಗದೈತಿ. ನಾ ಸಾಕ್ಷಿ ಅದೇನಿ” ಎಂದರೆ ಮಾತ್ರ ನಂಬುತ್ತಿದ್ದರು. “ನೀವ ಅಂತೀರಂದ್ರ ಆಗಿರತೈತಿ” ಎಂದು ತಟ್ಟೆ ಎಳೆದುಕೊಳ್ಳುವರು. ನಾನು ಹೇಳುವತನಕ ಒಂದು ತುತ್ತೂ ಇಲ್ಲ. ಹೀಗಾಗಿ ಮಳೆಯಿರಲಿ, ಚಳಿಯಿರಲಿ, ಹಬ್ಬವಿರಲಿ, ಬೆಳಗಿನ ಮೊದಲ ಬಸ್ಸಿಗೆ ಹೋಗಿ ಸಾಕ್ಷಿ ಹೇಳುವುದೇ ನನ್ನ ಕೆಲಸವಾಯಿತು.

ಆಮೇಲೆ ಒಂದು ದಿನ ನನ್ನ ಮುಖವೂ ಹೋಯಿತು.

“ನೀವ್ ಯಾರ್ರಿ?”

“ನಾ ಪೀಟಿ ಮಾಸ್ತರರಿ.”

ಬಹಳ ಹೊತ್ತು ನನ್ನನ್ನೇ ನೋಡಿದರು. ಆಮೇಲೆ ಅಪರಿಚಿತನಿಗೆ ತಿಳಿಸಿ ಹೇಳುವವರಂತೆ ಮೆಲ್ಲಗೆ ಹೇಳಿದರು. “ಅಲ್ಲ ಬಿಡ್ರಿ. ಪೀಟಿ ಸರ್ ಅಂದ್ರ ಭಾಳ ಶಿಸ್ತಿನ ಮನಶ್ಯಾರು, ಸುಳ್ಳ ಹೇಳೂದಿಲ್ಲ. ಅವರ್ನ ಕರೀರಿ. ಅವರು ಬಂದು ಹೇಳಿದ್ರ ಉಣ್ತೀನಿ.”

ಸಮವಸ್ತ್ರ ಹಾಕಿಕೊಂಡು ಹೋದೆ. ಶಾಲೆಯ ಸೀಟಿ ಊದಿದೆ. ಎದ್ದು ನಿಂತು ನಮಸ್ಕಾರ ಮಾಡಿದರು, ಗುರುತು ಹಿಡಿಯಲಿಲ್ಲ. ಆಸ್ಪತ್ರೆಯಲ್ಲಿ ಮೂಗಿಗೆ ಹಾಕಿದ ನಳಿಗೆಯನ್ನು ಕಿತ್ತು ಹಾಕಿದರು. ಮನೆಗೆ ನೋಡಲು ಬಂದವರಲ್ಲಿ ಒಬ್ಬರು ಕೈ ಮುಗಿದು, “ಎಂಥಾ ಪುಣ್ಯಾತ್ಮರ್ರೀ, ಇಂಥಾ ವ್ರತ ಯಾರಿಗಾಗ್ತೈತಿ” ಎಂದರು. ಮಗಳು ಒಳಗಿಂದ ಬಂದು, “ಇದು ವ್ರತ ಅಲ್ರೀ, ಜಡ್ಡು! ನಮಸ್ಕಾರ ಮಾಡಬ್ಯಾಡ್ರಿ, ಏಳ್ರಿ ಇಲ್ಲಿಂದ!” ಎಂದು ಎಬ್ಬಿಸಿ ಕಳಿಸಿದಳು. ನನಗೂ ಅವಳ ಮಾತೇ ಸರಿ ಎನಿಸಿತು. ಮೇರೆ ಅವರು ಬುದ್ಧಿಯಿಂದ ಹಾಕಿಕೊಂಡದ್ದು, ಈ ಹಸಿವು ಹಾಗಲ್ಲ. ಕೊನೆಗೆ ಚಮಚೆಯ ನೀರನ್ನೂ ತುಟಿ ಬಿಗಿದು ತಡೆದರು. ಸಾವಿನ ಕಾಗದದಲ್ಲಿ ಡಾಕ್ಟರು ಕಾಯಿಲೆಯ ಹೆಸರು ಏನೋ ಬರೆದರು.

ಹದಿನೈದು ದಿನ ಬಿಟ್ಟು ರಾಮತೀರ್ಥ ನಗರಕ್ಕೆ ಹೋದೆ. ಮಗಳು ಅವರ ಧೋತರಗಳನ್ನು ಮಡಿಚಿ ಗಂಟು ಕಟ್ಟುತ್ತಿದ್ದಳು. ಕುಂದರ್ರಿ ಕಾಕಾ ಎಂದಳು, ಚಹಾ ತಂದಳು. ಮತ್ತೆ ಗಂಟಿನ ಮುಂದೆ ಕೂತಳು. ಗಂಟು ಬಿಗಿಯುತ್ತ ತಲೆಯೆತ್ತದೆಯೇ ಕೇಳಿದಳು.

“ಖರೇ ಹೇಳ್ರಿ ಕಾಕಾ. ನಾ ಕರಕೊಂಡ ಹೋಗಿದ್ದಕ್ಕ ಇಷ್ಟೆಲ್ಲಾ ಆತು, ಅದು ಇರಲಿ. ಮ್ಯಾಲ ಇದ್ದಾಗ ಅಪ್ಪಾಗ ಖುಷಿ ಆಗಿತ್ತಿಲ್ಲೋ?”

“ಆಗಿತ್ತವ್ವಾ. ಭಾಳ ಆಗಿತ್ತು.”

“ಎಷ್ಟೊತ್ತು?”

“ನೆನಪ ಬರೂತನಕ.”